ಚಂಡಮಾರುತ ಸಮುದ್ರವನ್ನೇ ತಣ್ಣಗೆ ಮಾಡುತ್ತಾ?

ಬಾರಾಮತಿಯಿಂದ ಮಾತಾಡ್ತಿದೀನಿ. "ಸಮುದ್ರವೇ ಇಲ್ಲದ ಊರಲ್ಲಿ ಕೂತು ಸಮುದ್ರದ ಬಿಸಿ ಬಗ್ಗೆ ಯಾಕಪ್ಪಾ?" ಅಂತೀರೇನೋ. 2020ರ ಅಕ್ಟೋಬರ್ 13ರಂದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು ಕಾಕಿನಾಡ ಹತ್ತಿರ ನೆಲ ಮುಟ್ಟಿತು. ಅದರ ಮಳೆ ತೆಲಂಗಾಣ, ಕಲಬುರಗಿ, ಸೊಲ್ಲಾಪುರ ದಾಟಿ ಮಳೆನೆರಳಿನ ಈ ತಾಲೂಕಿಗೂ ಬಂತು. ಇಲ್ಲಿನ ಕರ್ಹಾ ನದಿ ನೀರಾ ಸೇರುತ್ತೆ, ನೀರಾ ಭೀಮೆಯನ್ನ. ಆ ವಾರ ಭೀಮೆ ಕಲಬುರಗಿ, ವಿಜಯಪುರದ ಹಳ್ಳಿಗಳಿಗೆ ನುಗ್ಗಿದ್ದು ನಿಮಗೂ ನೆನಪಿರಬಹುದು.

ಈಗ ವಿಷಯಕ್ಕೆ ಬರೋಣ. ಚಂಡಮಾರುತ ಹುಟ್ಟೋಕೆ ಸಮುದ್ರದ ಮೇಲ್ಮೈ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ ಇರಬೇಕು. ಆದರೆ ಬಕೆಟ್‌ನಲ್ಲಿ ಮೇಲೆ ಬಿಸಿನೀರು, ಕೆಳಗೆ ತಣ್ಣೀರು ಇದ್ದಾಗ ಕೈಹಾಕಿ ಕಲಕಿದ್ರೆ ಏನಾಗುತ್ತೆ? ಚಂಡಮಾರುತದ ಗಾಳಿ ಮಾಡೋದೂ ಅದನ್ನೇ. ಆಳದ ತಣ್ಣೀರು ಮೇಲೆ ಬಂದು, ಅದು ಹೋದ ದಾರಿಯುದ್ದಕ್ಕೂ ತಂಪಿನ ಜಾಡು ಉಳಿಯುತ್ತೆ. ನಮ್ಮ ಉತ್ತರ ಗೋಳಾರ್ಧದಲ್ಲಿ ಈ ತಂಪು ದಾರಿಯ ಬಲಭಾಗಕ್ಕೆ ಹೆಚ್ಚು. ಅಂದ್ರೆ ಚಂಡಮಾರುತ ತನ್ನ ಒಲೆಯನ್ನ ತಾನೇ ಆರಿಸಿಕೊಳ್ಳುತ್ತೆ. ನಿಧಾನಕ್ಕೆ ಸಾಗಿದಷ್ಟೂ ಹೆಚ್ಚು ಆರಿಸುತ್ತೆ.

ಹಾಗಾದ್ರೆ ಕೆಲವು ಯಾಕೆ ಆರಲ್ಲ? ಇಲ್ಲಿ ಬರೋದು ಸಮುದ್ರದ ಸುಳಿಗಳು. ಹೊಳೆಯ ಸುಳಿಯಲ್ಲ, ನೂರಾರು ಕಿಲೋಮೀಟರ್ ಅಗಲ, ತಿಂಗಳುಗಟ್ಟಲೆ ಬಾಳುವಂಥವು. ನಮ್ಮ ಗೋಳಾರ್ಧದಲ್ಲಿ ಗಡಿಯಾರದ ದಿಕ್ಕಿಗೆ ತಿರುಗುವ ಸುಳಿಯ ನಡುವೆ ಬಿಸಿನೀರು ಆಳದವರೆಗೂ ತುಂಬಿರುತ್ತೆ. ಎಷ್ಟು ಕಲಕಿದರೂ ಬಿಸಿಯೇ ಸಿಗುತ್ತೆ. ಎದುರು ದಿಕ್ಕಿನ ಸುಳಿಯಲ್ಲಿ ತಣ್ಣೀರು ಮೇಲ್ಮೈಗೆ ಹತ್ತಿರವಿರುತ್ತೆ, ಬಿರುಗಾಳಿ ಬೇಗ ಸೊರಗಬಹುದು. ಅಮೆರಿಕದಲ್ಲಿರೋರಿಗೆ 2005ರ ಕತ್ರಿನಾ ಗೊತ್ತೇ ಇದೆ. ಮೆಕ್ಸಿಕೊ ಕೊಲ್ಲಿಯಲ್ಲಿ ಇಂಥ ಆಳದ ಬಿಸಿನೀರಿನ ಮೇಲೆ ಹಾದಾಗಲೇ ಅದು ಉಗ್ರವಾಗಿದ್ದು.

ಬಂಗಾಳ ಕೊಲ್ಲಿಗೆ ಇನ್ನೊಂದು ಗುಟ್ಟಿದೆ. ಗಂಗಾ, ಬ್ರಹ್ಮಪುತ್ರಾ ತರುವ ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ಮುಚ್ಚಳದ ಹಾಗೆ ಕೂರುತ್ತೆ. ಅದು ಇರೋ ಕಡೆ ತಣ್ಣೀರು ಸುಲಭಕ್ಕೆ ಮೇಲೆ ಬರಲ್ಲ.

ಹಾಗಾಗಿ ಮೇಲ್ಮೈ ಉಷ್ಣಾಂಶದ ನಕ್ಷೆ ಅರ್ಧ ಕಥೆ ಮಾತ್ರ. ಉಪಗ್ರಹಗಳು ಸಮುದ್ರಮಟ್ಟದ ಏರಿಳಿತ ಅಳೆದು ಸುಳಿಗಳನ್ನ ಗುರುತಿಸುತ್ತವೆ. ಆರ್ಗೋ ತೇಲುಯಂತ್ರಗಳು 2,000 ಮೀಟರ್ ಆಳದವರೆಗೆ ಇಳಿದು ನೋಡುತ್ತವೆ. ಹೈದರಾಬಾದಿನ ಇನ್‌ಕಾಯ್ಸ್‌ ಸಮುದ್ರದ ಇಂಥ ಮಾಹಿತಿಯನ್ನ ಎಲ್ಲರಿಗೂ ಒದಗಿಸುತ್ತೆ. ಬಿರುಗಾಳಿ ದಡದ ಹತ್ತಿರ ದಿಢೀರ್ ಬಲಗೊಂಡರೆ ಮೀನುಗಾರರಿಗೆ ವಾಪಸ್ ಬರೋಕೆ ಸಮಯವೇ ಸಿಗಲ್ಲ, ಅದಕ್ಕೇ ಈ ಆಳದ ಲೆಕ್ಕ ಬೇಕು.

ಮುಂದಿನ ಸಲ ಫ್ಯಾಮಿಲಿ ಗ್ರೂಪ್‌ಗೆ ಕೆಂಪು ನಕ್ಷೆ ಬಂದರೆ, ಫಾರ್ವರ್ಡ್ ಮಾಡೋ ಮೊದಲು ಕೇಳಿ: ಈ ಬಿಸಿ ಎಷ್ಟು ಆಳಕ್ಕಿದೆ? ಊರಲ್ಲಿರೋ ಅಪ್ಪ-ಅಮ್ಮನಿಗೆ ಮಾತ್ರ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೇ ಹೇಳಿ. ಸಿಗೋಣ.