ಬಳ್ಳಾರಿ ಜೀನ್ಸ್: ಕತ್ತರಿಗೂ ಮುಂಚಿನ ಲೆಕ್ಕ

ರಾರಾವಿ ಕಡೆಯಿಂದ ಸಿರುಗುಪ್ಪ, ತೆಕ್ಕಲಕೋಟೆ ದಾಟಿ ಬಳ್ಳಾರಿಗೆ ಬರುವವರ ಕಣ್ಣಿಗೆ ಮೊದಲು ಬೀಳುವುದು ಭತ್ತದ ಗದ್ದೆ, ಅಕ್ಕಿ ಗಿರಣಿ. ಕಪ್ಪು ಕಾಳನ್ನು ಕ್ಯಾಮೆರಾದಲ್ಲಿ ಗುರುತಿಸಿ ಗಾಳಿಯ ರಭಸದಿಂದ ಹೊರಗೆಸೆಯುವ ಸಾರ್ಟೆಕ್ಸ್ ಯಂತ್ರ ಅಕ್ಕಿ ಗಿರಣಿಯವರಿಗೆ ಹೊಸತೇನಲ್ಲ. ಅದೇ ಜಾಣತನ ಬಳ್ಳಾರಿಯ ಜೀನ್ಸ್ ಕೆಲಸದಲ್ಲಿ ಎಲ್ಲಿ ಕೂತಿದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಅದು ಹೊಲಿಗೆ ಯಂತ್ರದಲ್ಲಿಲ್ಲ. ಬಟ್ಟೆಗೆ ಕತ್ತರಿ ಬೀಳುವ ಮೊದಲೇ ಮುಗಿಯುವ ಲೆಕ್ಕದಲ್ಲಿದೆ.

ದಂಡು ಪ್ರದೇಶವಾಗಿದ್ದ ಈ ಊರಲ್ಲಿ ಮೊದಲ ಮಹಾಯುದ್ಧದ ಕಾಲಕ್ಕೆ ಸೈನಿಕರ ಸಮವಸ್ತ್ರ ಹೊಲಿಯಲು ಬಂದ ದರ್ಜಿಗಳಿಂದ ಈ ಕಸುಬು ಬೇರೂರಿತು ಎನ್ನುತ್ತಾರೆ. ಸಮವಸ್ತ್ರದಿಂದ ಸಿದ್ಧ ಉಡುಪು, ಅಲ್ಲಿಂದ ಜೀನ್ಸ್. ಪಾಯಿಂಟ್ ಬ್ಲ್ಯಾಂಕ್, ವಾಕರ್, ಡ್ರ್ಯಾಗನ್‌ಫ್ಲೈ ಇಲ್ಲಿಯವೇ ಹೆಸರುಗಳು. ದೊಡ್ಡ ಕಾರ್ಖಾನೆಗಳು ಕೆಲವು. ಉಳಿದದ್ದೆಲ್ಲ ಚಿಕ್ಕ ಚಿಕ್ಕ ಯೂನಿಟ್‌ಗಳು, ಮನೆಯಲ್ಲೇ ನಡೆಯುವ ಜಾಬ್ ವರ್ಕ್.

ಒಂದು ಪ್ಯಾಂಟ್ ಎಂದರೆ ಮುಂಭಾಗ, ಹಿಂಭಾಗ, ಜೇಬು, ಬೆಲ್ಟ್ ಪಟ್ಟಿ ಎಲ್ಲ ಸೇರಿ ಹದಿನೈದು ಇಪ್ಪತ್ತು ತುಂಡು. ಡೆನಿಮ್‌ನ ಹಟಮಾರಿತನವಿರುವುದು ಅದು ಒಗೆತದಲ್ಲಿ ಕುಗ್ಗುವುದರಲ್ಲಿ. ಉದ್ದಕ್ಕೆ ಒಂದಷ್ಟು, ಅಗಲಕ್ಕೆ ಬೇರೊಂದಷ್ಟು. ಸ್ಟ್ರೆಚ್ ಬಟ್ಟೆಯಾದರೆ ಅಗಲಕ್ಕೇ ಹೆಚ್ಚು. ಹಾಗಾಗಿ ಪ್ಯಾಟರ್ನ್ ಮಾಸ್ಟರ್ ಮೊದಲು ಬಟ್ಟೆಯ ಮೇಲೆ 50 ಸೆಂ.ಮೀ. ಚೌಕ ಎಳೆದು, ಪ್ಯಾಂಟಿಗೆ ಯಾವ ವಾಷ್ ಕೊಡಬೇಕೋ ಅದೇ ವಾಷ್ ಕೊಟ್ಟು, ಒಣಗಿಸಿ ಅಳೆಯುತ್ತಾರೆ. 50 ಇದ್ದದ್ದು 46 ಆದರೆ ಶೇ 8ರಷ್ಟು ಕುಗ್ಗಿತು. ಈಗ ಒಗೆದ ಮೇಲೆ 100 ಸೆಂ.ಮೀ. ಉಳಿಯಬೇಕಾದರೆ ಎಷ್ಟು ಕತ್ತರಿಸಬೇಕು? ಹೊಸಬರು 108 ಎಂದುಬಿಡುತ್ತಾರೆ. 108ರಲ್ಲಿ ಶೇ 8 ಕಳೆದರೆ 100 ಉಳಿಯುವುದಿಲ್ಲ, ಬೇಕಾದದ್ದು 108.7. ಒಂದು ಲಾಟ್‌ನ ಎಲ್ಲ ಪ್ಯಾಂಟೂ ಅರ್ಧ ಸೆಂಟಿಮೀಟರ್‌ಗಿಂತ ಹೆಚ್ಚು ಗಿಡ್ಡವಾಗುವುದು ಇಂಥ ಕಡೆ. ಬಟ್ಟೆಯ ತಾನಿನಿಂದ ತಾನಿಗೆ ಈ ಕುಗ್ಗುವ ಅಂಕಿ ಬದಲಾಗುವುದೂ ಉಂಟು.

ಹಿಂದೆ ಒಂದೊಂದು ಅಂಕಿಗೂ ರಟ್ಟಿನ ಪ್ಯಾಟರ್ನನ್ನು ಹೊಸದಾಗಿ ಕತ್ತರಿಸಬೇಕಿತ್ತು. ಈಗ ಪ್ಯಾಟರ್ನ್ ಸಾಫ್ಟ್‌ವೇರ್‌ನಲ್ಲಿ ಹಾಸಿನ (ಉದ್ದದ) ದಿಕ್ಕಿಗೆ ಇಷ್ಟು, ಹೊಕ್ಕಿನ (ಅಗಲದ) ದಿಕ್ಕಿಗೆ ಇಷ್ಟು ಎಂದು ತುಂಬಿಸಿದರೆ ಎಲ್ಲ ತುಂಡುಗಳೂ ಒಟ್ಟಿಗೆ ಹಿಗ್ಗುತ್ತವೆ. 30ರ ಸೈಜಿನಿಂದ 28, 32, 34, 36 ಹೊರಡಿಸುವ ಗ್ರೇಡಿಂಗ್ ಕೆಲಸವೂ ಅಲ್ಲೇ ಮುಗಿಯುತ್ತದೆ. ಈ ಕೆಲಸ ಯಂತ್ರಕ್ಕೆ ದಾಟಿದ್ದು ಇಂದು ನಿನ್ನೆಯಲ್ಲ: ಅಮೆರಿಕದ ಜೋಸೆಫ್ ಗರ್ಬರ್ 1960ರ ದಶಕದ ಕೊನೆಗೆ ಬಟ್ಟೆಯನ್ನು ತಾನೇ ಕತ್ತರಿಸುವ ಯಂತ್ರ ಕಟ್ಟಿದರು. 1973ರಲ್ಲಿ ಫ್ರಾನ್ಸ್‌ನಲ್ಲಿ ಇದೇ ಕ್ಷೇತ್ರದ ಲೆಕ್ಟ್ರಾ ಕಂಪನಿ ಹುಟ್ಟಿತು. 2021ರಲ್ಲಿ ಗರ್ಬರ್ ಕಂಪನಿಯನ್ನೇ ಲೆಕ್ಟ್ರಾ ಕೊಂಡಿತು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಮಾರ್ಕರ್. ಬಟ್ಟೆಯ ಅಗಲದೊಳಗೆ ಎಲ್ಲ ತುಂಡುಗಳನ್ನೂ ಸಂದು ಬಿಡದಂತೆ ಜೋಡಿಸುವ ನಕ್ಷೆ ಅದು. ಮನಬಂದಂತೆ ತಿರುಗಿಸಿ ಕೂರಿಸುವ ಹಾಗಿಲ್ಲ. ಹಾಸಿನ ನೂಲಿನ ದಿಕ್ಕು ತಪ್ಪಿದರೆ ಒಗೆದ ಮೇಲೆ ಕಾಲು ತಿರುಚಿಕೊಳ್ಳುತ್ತದೆ. ಪ್ಯಾಂಟಿನ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಟ್ಟೆಯದೇ. 6 ಮೀಟರ್ ಮಾರ್ಕರ್‌ನಲ್ಲಿ 6 ಸೆಂ.ಮೀ. ಉಳಿಸಿದರೆ ಒಂದರ ಮೇಲೊಂದು ಬಟ್ಟೆ ಹಾಸಿದ ನೂರು ಪದರದ ‘ಲೇ’ಗೆ 6 ಮೀಟರ್ ಉಳಿಯಿತು. ನಾಲ್ಕು ಪ್ಯಾಂಟಿಗೆ ಧಾರಾಳವಾಗಿ ಸಾಕು. ಕಂಪ್ಯೂಟರ್ ಕೆಲವೇ ನಿಮಿಷದಲ್ಲಿ ಹತ್ತಾರು ಬಗೆಯ ಜೋಡಣೆ ಹಾಕಿ ನೋಡುತ್ತದೆ. ಆದರೂ ಕೊನೆಯ ಒಂದೆರಡು ತುಂಡುಗಳನ್ನು ಅನುಭವಿ ಮಾಸ್ಟರ್ ಕೈಯಿಂದ ಸರಿಸಿ ಇನ್ನಷ್ಟು ಉಳಿಸುವುದುಂಟು. ಆಮೇಲೆ ಪ್ಲಾಟರ್ ಉದ್ದನೆಯ ಕಾಗದದ ಮೇಲೆ ಗೆರೆ ಎಳೆಯುತ್ತದೆ, ಕಾಗದವನ್ನು ಲೇಯ ಮೇಲೆ ಹಾಸಿ ಕಟಿಂಗ್ ಮೆಷಿನ್ ಓಡಿಸುತ್ತಾರೆ.

ಬಣ್ಣ ಮಾಸಿದಂತೆ ಕಾಣಿಸುವ ಕೆಲಸಕ್ಕೂ ಲೇಸರ್ ಬಂದಿದೆ. ತೊಡೆಯ ಮೇಲಿನ ಆ ಬಿಳಿ ಗೆರೆಗಳಿಗಾಗಿ ಉಪ್ಪುಕಾಗದದಲ್ಲಿ ಉಜ್ಜಿ, ಪೊಟ್ಯಾಸಿಯಂ ಪರ್ಮಾಂಗನೇಟ್ ಸಿಂಪಡಿಸುತ್ತಿದ್ದುದನ್ನು 90 ಸೆಕೆಂಡಿನಲ್ಲಿ ಲೇಸರ್ ಮಾಡುತ್ತದೆ ಎಂದು ಲೆವೈಸ್ ಕಂಪನಿ 2018ರಲ್ಲಿ ಸಾರಿತು. ವಾಷಿಂಗ್ ಯೂನಿಟ್‌ಗಳ ಬಣ್ಣದ ನೀರಿನ ವಿಚಾರಕ್ಕೆ ಮತ್ತೆ ಮತ್ತೆ ತಕರಾರು ಎದ್ದಿರುವ ಬಳ್ಳಾರಿಗೆ, ರಾಸಾಯನಿಕದ ಹೊಗೆ ಕುಡಿಯುವ ಕೆಲಸಗಾರರಿಗೆ ಇದು ಚಿಕ್ಕ ಮಾತಲ್ಲ. ಯಂತ್ರದ ಬೆಲೆ ಮಾತ್ರ ಸಣ್ಣವರ ಕೈಗೆ ಎಟುಕುವಂಥದ್ದಲ್ಲ.

2023ರ ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ ರಾಹುಲ್ ಗಾಂಧಿ ಬಳ್ಳಾರಿಗೆ ಜೀನ್ಸ್ ಪಾರ್ಕ್ ಕೊಡುವ ಮಾತಾಡಿದರು. ಅಲ್ಲಿ ಶೆಡ್ಡು, ರಸ್ತೆಗಳ ಜೊತೆಗೆ ಎಲ್ಲರೂ ಬಳಸಬಹುದಾದ ಒಂದು ಮಾರ್ಕರ್ ಕೇಂದ್ರ ಮೊದಲು ಆಗಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಹತ್ತು ಮೆಷಿನ್ ಇಟ್ಟುಕೊಂಡವರೂ ಪ್ಯಾಟರ್ನ್ ತಂದು, ಮೀಟರಿಗಿಷ್ಟು ಎಂದು ಕೊಟ್ಟು, ಮಾರ್ಕರ್ ಕಾಗದ ಸುತ್ತಿಕೊಂಡು ಹೋಗುವಂತಿರಬೇಕು. ಸಿರುಗುಪ್ಪ, ಕುರುಗೋಡಿನಿಂದ ಬರುವ ಐಟಿಐ ಓದಿದ ಹುಡುಗಿಯರಿಗೆ ಅಲ್ಲೇ ಕನ್ನಡದಲ್ಲಿ ತರಬೇತಿ ಸಿಗಬೇಕು. ಕಲಿಸುವ ಕುರ್ಚಿಯಲ್ಲಿ ಸಾಫ್ಟ್‌ವೇರ್ ಬಲ್ಲವರ ಪಕ್ಕಕ್ಕೇ, ಚೌಕ ಎಳೆದು ಒಗೆದು ಅಳೆಯುವ ಹಳೆಯ ಪ್ಯಾಟರ್ನ್ ಮಾಸ್ಟರ್ ಒಬ್ಬರನ್ನು ಸಂಬಳ ಕೊಟ್ಟು ಕೂರಿಸಬೇಕು.