ಪರದೆ ಕೊಳ್ಳುವ ಮುನ್ನ ಬಾಗಿಲು ನೋಡಿ

ಹಾಲ್ಕುರಿಕೆಯ ನನ್ನ ಅಂಗಡಿಯಲ್ಲಿ ಮಾನಿಟರ್ ಎರಡು. ಒಂದು ನನ್ನ ಕಡೆ ಮುಖ ಮಾಡಿದೆ, ಇನ್ನೊಂದು ಗಿರಾಕಿಯ ಕಡೆ. ಮದುವೆ ಕಾರ್ಡು, ಫೋಟೊ ಆಲ್ಬಂ, ಪಹಣಿ ಪ್ರಿಂಟು, ಅರ್ಜಿ ತುಂಬುವುದು ಎಲ್ಲ ಈ ಎರಡು ಪರದೆಗಳ ನಡುವೆಯೇ ನಡೆಯಬೇಕು. ಗಿರಾಕಿಗೊಂದು ಬೇರೆ ಪರದೆ ಇಡುವುದು ನಾನು ಕಂಡುಹಿಡಿದದ್ದೇನಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ತಾಲ್ಲೂಕು ಕಚೇರಿಗಳಲ್ಲಿ ಕೌಂಟರು ತೆರೆದಾಗ, ಅಲ್ಲಿ ರೈತರ ಕಡೆಗೂ ಒಂದು ಪರದೆ ಇಟ್ಟಿದ್ದರು. ಒಳಗೆ ಕೂತವನು ಏನು ಒತ್ತುತ್ತಾನೆ, ತನ್ನ ಸರ್ವೆ ನಂಬರಿನ ಮುಂದೆ ಏನು ಮೂಡುತ್ತದೆ ಎಂಬುದು ಹೊರಗೆ ನಿಂತವನಿಗೂ ಕಾಣಲಿ ಎಂಬುದು ಉದ್ದೇಶ. ನನಗೆ ಅದು ಹಿಡಿಸಿತ್ತು. ತಪ್ಪು ಕಾರ್ಡು ಅಚ್ಚಾದ ಮೇಲೆ ವಾದ ಮಾಡುವುದಕ್ಕಿಂತ, ಅಚ್ಚಿಗೆ ಹೋಗುವ ಮೊದಲೇ ಹುಡುಗಿಯ ತಂದೆ ಓದಿ ನೋಡುವುದು ಇಬ್ಬರಿಗೂ ಒಳ್ಳೆಯದು.

ನಮ್ಮ ಎರಡು ಪರದೆಗಳು ಒಂದೇ ಜಾತಿಯವಲ್ಲ. ನನ್ನದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡಿಗೆ ಸಿಕ್ಕ, ಗಾಜಿನ ಮುಖದ ಆಲ್-ಇನ್-ಒನ್. ಗಿರಾಕಿಯದು ಹೊಸದು, ಆ್ಯಂಟಿ-ಗ್ಲೇರ್ ಲೇಪದ ಮ್ಯಾಟ್ ಮಾನಿಟರ್. ಆದರೂ ಕೊಬ್ಬರಿ ದುಡ್ಡಿನ ಲೆಕ್ಕ ಮುಗಿಸಿಕೊಂಡು ಬಂದ ಹಿರಿಯರೊಬ್ಬರು ಕೌಂಟರಿನ ಮೇಲೆ ಬಗ್ಗಿ ಎರಡನ್ನೂ ಹೋಲಿಸಿ, ‘ನಿಂದು ಫಳಫಳ ಅಂತೈತೆ, ನಮ್ಗೆ ಮಾತ್ರ ಮಂಕಾಗಿರೋದು ಮಡಗಿದೀಯಲ್ಲಪ್ಪ’ ಎಂದರು. ‘ಅದು ಬಾಗಿಲ ಕಡೆ ನೋಡ್ತೈತೆ ಕಣಣ್ಣ, ಅದಕ್ಕೆ’ ಎಂದೆ. ಅವರಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ಒಂದು ಸಾಲಿನಲ್ಲಿ ಮುಗಿಯುವ ಉತ್ತರವೂ ಅದಲ್ಲ.

ಗಾಜು ವಾಪಸು ಕೊಡುವ ಬೆಳಕು

ಸಾಮಾನ್ಯ ಗಾಜು ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ 4 ಪಾಲನ್ನು ಪ್ರತಿ ಮೇಲ್ಮೈಯಿಂದಲೂ ವಾಪಸು ಕಳಿಸುತ್ತದೆ. ಓರೆಯಾಗಿ ಬಿದ್ದರೆ ಈ ಪಾಲು ಇನ್ನೂ ಹೆಚ್ಚು. ನಾಲ್ಕು ಅಂದರೆ ಕಡಿಮೆ ಅನ್ನಿಸಬಹುದು. ಆದರೆ ಬೆಳ್ಳಗೆ ಮೋಡ ಹಿಡಿದ ಆಕಾಶದ ಹೊಳಪು ಸಾವಿರಾರು ನಿಟ್ (ನಿಟ್ ಎಂದರೆ ಹೊಳಪಿನ ಅಳತೆ) ಇರುತ್ತದೆ. ಮಾನಿಟರ್‌ನ ಬಿಳಿ ಹಾಳೆಯ ಹೊಳಪು 250 ನಿಟ್ ಆಸುಪಾಸು. ಆಕಾಶ 5,000 ನಿಟ್ ಇದ್ದರೆ ಅದರ ನೂರಕ್ಕೆ 4 ಪಾಲು 200 ನಿಟ್. ಅಂದರೆ ಬಾಗಿಲಲ್ಲಿ ಕಾಣುವ ಆಕಾಶದ ತುಂಡು, ಪರದೆಯೇ ಹೊಮ್ಮಿಸುವ ಬಿಳಿಗೆ ಹತ್ತಿರದಷ್ಟು ಜೋರಾಗಿ ಗಾಜಿನಲ್ಲಿ ಮೂಡುತ್ತದೆ. ನಮ್ಮ ಬಾಗಿಲಿನೆದುರು ತೆಂಗಿನ ತೋಟವಿದೆ, ಪಕ್ಕದಲ್ಲಿ ಜಿಂಕ್ ಶೀಟಿನ ಒಂದು ಮಾಡು. ಗಾಳಿಗೆ ಗರಿಗಳು ಆಡಿದಂತೆಲ್ಲ ಬಿಸಿಲಿನ ಚುಕ್ಕೆಗಳು ಓಡಾಡುತ್ತವೆ. ಹೊರಮುಖವಾಗಿ ಗಾಜಿನ ಪರದೆ ಇಟ್ಟರೆ, ಗಿರಾಕಿಯ ಕಣ್ಣು ಅಕ್ಷರ ಬಿಟ್ಟು ಆ ಚುಕ್ಕೆಗಳ ಹಿಂದೆ ಹೋಗುತ್ತದೆ.

ಆ್ಯಂಟಿ-ಗ್ಲೇರ್ ಮಾಡುವುದು ಇಷ್ಟು: ಎಲ್‌ಸಿಡಿ ಪರದೆಯ ಹೊರಮೈಗೆ ಅಂಟಿಸಿದ ಪೋಲರೈಸರ್ ಹಾಳೆಯ ಮೇಲೆ ರಾಳದ ತೆಳು ಪದರ ಹಚ್ಚಿ, ಅದರಲ್ಲಿ ಸಿಲಿಕಾದ ಅತಿ ಸಣ್ಣ ಕಣಗಳನ್ನು ಬೆರೆಸಿರುತ್ತಾರೆ. ಮೈ ತರಿತರಿಯಾಗುತ್ತದೆ. ಬಿದ್ದ ಬೆಳಕು ಒಂದೇ ದಿಕ್ಕಿಗೆ ಮರಳದೆ ನಾನಾ ದಿಕ್ಕಿಗೆ ಚದುರುತ್ತದೆ. ಬಾಗಿಲಿನ ಚೌಕ, ಮರದ ಅಂಚು, ನಿಂತವರ ಮುಖ ಯಾವುದೂ ಸ್ಪಷ್ಟ ಬಿಂಬವಾಗಿ ಉಳಿಯುವುದಿಲ್ಲ. ಗಮನಿಸಬೇಕಾದ ಸಂಗತಿ, ಈ ಲೇಪ ಬೆಳಕನ್ನು ನುಂಗುವುದಿಲ್ಲ, ಹರಡುತ್ತದೆ. ಒಂದು ಕಡೆ ಚುಚ್ಚುತ್ತಿದ್ದದ್ದು ಪರದೆಯ ತುಂಬ ತೆಳ್ಳಗೆ ಕೂರುತ್ತದೆ.

ಇದರ ಪರಿಣಾಮ ಏನೆಂದು ನೋಡಬೇಕಾದರೆ ನಮ್ಮ ಪಕ್ಕದ ತುರುವೇಕೆರೆಗೆ ಹೋಗಬೇಕು. ಅಲ್ಲಿನ ಗಂಗಾಧರೇಶ್ವರ ದೇವಸ್ಥಾನದ ನಂದಿ ಕರಿಕಲ್ಲಿನದು, ಅದರ ನುಣುಪು ಇಂದಿಗೂ ಮಾಸಿಲ್ಲ. ಮೈಯಲ್ಲಿ ಎದುರಿನ ಬೆಳಕಿನ ಗೆರೆಗಳು ಹೊಳೆಯುತ್ತವೆ, ಆದರೆ ಆ ಗೆರೆಗಳನ್ನು ಬಿಟ್ಟ ಜಾಗವೆಲ್ಲ ಕಡುಕಪ್ಪು. ಅದೇ ಜಾತಿಯ ಕಲ್ಲನ್ನು ಉಳಿಯಿಂದ ಕಡಿದು ಹಾಗೇ ಬಿಟ್ಟರೆ ಎಲ್ಲೂ ಹೊಳಪಿಲ್ಲ, ಆದರೆ ಬಣ್ಣ ಬೂದು. ಕಲ್ಲು ಬದಲಾಗಿಲ್ಲ, ಅದರ ಮೇಲೆ ಬಿದ್ದ ಬೆಳಕು ಹರಡಿಕೊಂಡು ಕಪ್ಪನ್ನು ಮುಚ್ಚಿದೆ. ನನ್ನ ಪರದೆ ಪಾಲಿಶ್ ಆದ ಕಲ್ಲು, ಗಿರಾಕಿಯದು ಉಳಿಪೆಟ್ಟಿನ ಕಲ್ಲು.

ಕಪ್ಪು ಹೋದರೆ ಏನು ಹೋಯಿತು?

ಚಿತ್ರದ ಗುಣಮಟ್ಟ ಅಂದಾಗ ನಾವು ಬಿಳಿಯನ್ನು, ಬಣ್ಣವನ್ನು ನೋಡುತ್ತೇವೆ. ನಿಜವಾಗಿ ಚಿತ್ರಕ್ಕೆ ಆಳ ಕೊಡುವುದು ಕಪ್ಪು. ಮಾನಿಟರ್ ಡಬ್ಬದ ಮೇಲೆ ಕಾಂಟ್ರಾಸ್ಟ್ 1000:1 ಎಂದು ಅಚ್ಚಾಗಿರುತ್ತದೆ. ಬಿಳಿ 250 ನಿಟ್ ಇದ್ದರೆ ಕಪ್ಪು 0.25 ನಿಟ್ ಎಂದು ಅರ್ಥ. ಆ ಅಂಕಿ ಕತ್ತಲೆ ಕೋಣೆಯದು. ಒಂದು ಲೆಕ್ಕ ಹಾಕೋಣ. ಮ್ಯಾಟ್ ಪರದೆ ತನ್ನ ಮೇಲೆ ಬಿದ್ದದ್ದರಲ್ಲಿ ನೂರಕ್ಕೆ 1 ಪಾಲನ್ನು ಹೀಗೆ ಸುತ್ತಲೂ ಹರಡುತ್ತದೆ ಎಂದುಕೊಳ್ಳಿ. ಟ್ಯೂಬ್‌ಲೈಟ್ ಉರಿಯುವ ಆಫೀಸಿನ 500 ಲಕ್ಸ್ (ಲಕ್ಸ್ ಎಂದರೆ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕಿನಲ್ಲಿ ಅದು ಪರದೆಗೆ ಸುಮಾರು 1.6 ನಿಟ್ ಸೇರಿಸುತ್ತದೆ. ಬಿಳಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ 0.25 ಇದ್ದ ಕಪ್ಪು 1.85ಕ್ಕೆ ಏರುತ್ತದೆ. ಸಾವಿರ ಇದ್ದ ಕಾಂಟ್ರಾಸ್ಟ್ ಸುಮಾರು 135ಕ್ಕೆ ಇಳಿಯಿತು. ಬಿಸಿಲು ಚೆಲ್ಲಿದ ಜಗಲಿಯಲ್ಲಿ 3,000 ಲಕ್ಸ್ ಇದ್ದರೆ ಸೇರುವುದು ಹತ್ತಿರತ್ತಿರ 9.5 ನಿಟ್, ಕಾಂಟ್ರಾಸ್ಟ್ 26.

‘ಬ್ರೈಟ್‌ನೆಸ್ ಏರಿಸಿದರೆ ಆಯಿತಲ್ಲ’ ಎನ್ನುತ್ತಾರೆ. ಅದೇ ಜಗಲಿಯಲ್ಲಿ ಮಾನಿಟರನ್ನು 500 ನಿಟ್‌ಗೆ ಏರಿಸಿ ನೋಡಿ, ಸಿಗುವುದು ಸುಮಾರು 51. ಮೇಜನ್ನು ಒಳಗೋಡೆಯ ಕಡೆ ತಿರುಗಿಸಿ ಬೆಳಕನ್ನು 500 ಲಕ್ಸ್‌ಗೆ ಇಳಿಸಿದರೆ, 250 ನಿಟ್‌ನಲ್ಲೇ 135 ಸಿಗುತ್ತದೆ. ದುಬಾರಿ ಮಾನಿಟರ್ ಮಾಡಲಾಗದ ಕೆಲಸವನ್ನು ಮೇಜು ಮಾಡುತ್ತದೆ.

ಆಲ್ಬಂ ಡಿಸೈನ್ ಮಾಡುವವರಿಗೆ ಇದು ಕೈಕಚ್ಚುವ ವಿಷಯ. ಬೆಳಕು ತುಂಬಿದ ಕೋಣೆಯಲ್ಲಿ ಮ್ಯಾಟ್ ಪರದೆಯ ಮೇಲೆ ಹುಡುಗನ ಕೋಟು ಬೂದಾಗಿ ಕಾಣುತ್ತದೆ. ಫೋಟೊಶಾಪ್‌ನಲ್ಲಿ ಅದನ್ನು ಇನ್ನಷ್ಟು ಕಪ್ಪು ಮಾಡುತ್ತಾರೆ. ಲ್ಯಾಬಿನಿಂದ ಬಂದ ಪ್ರಿಂಟಿನಲ್ಲಿ ಕೋಟಿನ ಮಡಿಕೆ, ಗುಂಡಿ ಎಲ್ಲ ಮಾಯ. ಬಯ್ಗುಳ ಲ್ಯಾಬಿನವನಿಗೆ. ಫೈಲಿನಲ್ಲಿರುವ ಬಣ್ಣವನ್ನು ಲೇಪ ಮುಟ್ಟುವುದಿಲ್ಲ. ನಮ್ಮ ತೀರ್ಪನ್ನು ಕೋಣೆಯ ಬೆಳಕು ಕೆಡಿಸುತ್ತದೆ. ಕೋಣೆ ಕತ್ತಲಾದರೆ ಗಾಜಿಗೂ ಮ್ಯಾಟ್‌ಗೂ ಕಪ್ಪಿನಲ್ಲಿ ಹೆಚ್ಚು ಅಂತರವೇ ಉಳಿಯುವುದಿಲ್ಲ. ಗಾಜಿನ ಪರದೆಗೂ ಅದರದೇ ಕಾಟವಿದೆ: ಬಿಳಿ ಅಂಗಿ ಹಾಕಿ ಕೂತರೆ ಕಪ್ಪು ಫೋಟೊದ ನಡುವೆ ನಾನೇ ಕಾಣುತ್ತೇನೆ. ಆಲ್ಬಂ ಕೆಲಸವಿದ್ದಾಗ ಗಾಢ ಬಣ್ಣದ ಅಂಗಿಯೇ ನನಗೆ ಸಮವಸ್ತ್ರ.

ಒತ್ತಕ್ಷರದ ಪರೀಕ್ಷೆ

ಇನ್ನೊಂದು ತೊಂದರೆ ಅಕ್ಷರದ ಅಂಚಿನದು. ಲೇಪದ ತರಿ ಹೊರಗಿನ ಬೆಳಕನ್ನಷ್ಟೇ ಅಲ್ಲ, ಒಳಗಿನಿಂದ ಬರುವ ಬೆಳಕನ್ನೂ ಹಾದಿ ತಪ್ಪಿಸುತ್ತದೆ. 24 ಇಂಚಿನ ಫುಲ್ ಎಚ್‌ಡಿ ಮಾನಿಟರ್‌ನಲ್ಲಿ ಒಂದು ಪಿಕ್ಸೆಲ್ 0.28 ಮಿಲಿಮೀಟರ್, ಅದರೊಳಗೆ ಕೆಂಪು, ಹಸಿರು, ನೀಲಿ ಪಟ್ಟಿಗಳು ಒಂದೊಂದೂ ಅದರ ಮೂರನೇ ಒಂದು ಪಾಲು. ಒಂದು ತರಿ ಹಸಿರನ್ನು ನಿಮ್ಮ ಕಣ್ಣಿಗೆ ಕಳಿಸಿ ಕೆಂಪನ್ನು ಪಕ್ಕಕ್ಕೆ ತಳ್ಳಿದರೆ, ಬಿಳಿ ಹಾಳೆಯ ಮೇಲೆ ಬಣ್ಣಬಣ್ಣದ ಮಿಣುಕು ಕಾಣಿಸುತ್ತದೆ. ತಲೆ ಆಡಿಸಿದರೆ ಮಿಣುಕೂ ಆಡುತ್ತದೆ. ಇದನ್ನು ಸ್ಪಾರ್ಕಲ್ ಎನ್ನುತ್ತಾರೆ. ಪಿಕ್ಸೆಲ್ ಸಣ್ಣದಾದಷ್ಟೂ ಇದು ಹೆಚ್ಚು ಕಾಡುತ್ತದೆ. ಹಾಗಾಗಿ 4ಕೆ ಪರದೆಗೆ ಒರಟು ಲೇಪ ಹೊಂದುವುದಿಲ್ಲ, ತರಿ ಇನ್ನೂ ನಯವಾಗಿರಬೇಕು. 2010ರ ಆಸುಪಾಸಿನ ಕೆಲವು ಐಪಿಎಸ್ ಮಾನಿಟರ್‌ಗಳ ಲೇಪ ತೀರ ಒರಟಾಗಿತ್ತು. ಆಮೇಲೆ ತಯಾರಕರು ಹಗುರ ಲೇಪಗಳ ಕಡೆ ತಿರುಗಿದರು.

ಕನ್ನಡ ಟೈಪ್ ಮಾಡುವವರು ಇದನ್ನು ಬೇಗ ಗುರುತಿಸುತ್ತಾರೆ. 12 ಪಾಯಿಂಟಿನ ಅಕ್ಷರಕ್ಕೆ ಸಾಮಾನ್ಯ ಪರದೆಯ ಮೇಲೆ ಸಿಗುವ ಎತ್ತರ 16 ಪಿಕ್ಸೆಲ್. ಅದರಲ್ಲೇ ತಲೆಕಟ್ಟು, ಗುಡಿಸು, ಕೆಳಗಿನ ಒತ್ತು ಎಲ್ಲ ಹಿಡಿಸಬೇಕು. ಒತ್ತಿಗೆ ಉಳಿಯುವುದು ನಾಲ್ಕಾರು ಪಿಕ್ಸೆಲ್. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸೀಳು; ರ ಮತ್ತು ಠ ನಡುವೆ ಒಂದು ಚುಕ್ಕೆ. ಪಹಣಿಯಲ್ಲಿ ಸಿದ್ದಯ್ಯ, ಇನ್ನೊಂದು ದಾಖಲೆಯಲ್ಲಿ ಸಿದ್ಧಯ್ಯ ಎಂದಾದರೆ ಅಲೆದಾಟ ಯಾರಿಗೆ ಎಂದು ಈ ಕಡೆಯವರಿಗೆ ವಿವರಿಸಬೇಕಿಲ್ಲ. ಎಲ್ಲ ತಪ್ಪನ್ನೂ ಲೇಪದ ತಲೆಗೆ ಕಟ್ಟುವುದು ನ್ಯಾಯವಲ್ಲ. ಪಿಕ್ಸೆಲ್ ಕೊರತೆಯೇ ಮೊದಲ ಕಾರಣ, ಲೇಪ ಅದಕ್ಕೆ ಕೈಜೋಡಿಸುತ್ತದೆ. ಗಿರಾಕಿ ಹೆಸರು ಓದುವಾಗ ನಾನು ಆ ಸಾಲನ್ನು ನೂರೈವತ್ತು, ಇನ್ನೂರು ಪರ್ಸೆಂಟಿಗೆ ದೊಡ್ಡದು ಮಾಡಿ ತೋರಿಸುತ್ತೇನೆ. ಅಷ್ಟಾದರೆ ತರಿಯ ಆಟ ನಡೆಯುವುದಿಲ್ಲ.

ಬೆಳಕನ್ನು ಬೆಳಕಿನಿಂದಲೇ ಕಳೆಯುವುದು

ಹರಡದೆ, ಪ್ರತಿಫಲನವನ್ನೇ ಕಡಿಮೆ ಮಾಡುವ ದಾರಿಯೂ ಇದೆ. ಗಾಜಿನ ಮೇಲೆ ಮೆಗ್ನೀಶಿಯಂ ಫ್ಲೋರೈಡಿನಂಥ ವಸ್ತುವನ್ನು ಸುಮಾರು 100 ನ್ಯಾನೊಮೀಟರ್ ದಪ್ಪಕ್ಕೆ ಕೂರಿಸಿದರೆ, ಪದರದ ಮೇಲಿನಿಂದ ಮರಳುವ ಅಲೆಯೂ ತಳದಿಂದ ಮರಳುವ ಅಲೆಯೂ ಎದುರುಬದುರಾಗಿ ಒಂದನ್ನೊಂದು ಬಹುಪಾಲು ಅಳಿಸಿಹಾಕುತ್ತವೆ. 4 ಪಾಲು ಇದ್ದ ಪ್ರತಿಫಲನ 1.3ರ ಹತ್ತಿರಕ್ಕೆ ಇಳಿಯುತ್ತದೆ. ಹಲವು ಪದರ ಕೂರಿಸಿದರೆ ನೂರಕ್ಕೆ ಅರ್ಧ ಪಾಲಿಗಿಂತಲೂ ಕಡಿಮೆ. ಜರ್ಮನಿಯ ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಇಂಥ ಲೇಪಕ್ಕೆ ಪೇಟೆಂಟ್ ಪಡೆದರು. 1938ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಕ್ಯಾಥರಿನ್ ಬ್ಲಾಜೆಟ್ ಒಂದೊಂದು ಅಣುವಿನ ದಪ್ಪದ 44 ಪದರಗಳನ್ನು ಗಾಜಿನ ಮೇಲೆ ಏರಿಸಿ, ಇದ್ದೂ ಕಾಣದಂಥ ಗಾಜು ಮಾಡಿ ತೋರಿಸಿದರು. ಆ ಪದರ ಒರೆಸಿದರೆ ಹೋಗುವಂಥದ್ದಾಗಿತ್ತು.

ಕ್ಯಾಮೆರಾ ಲೆನ್ಸಿನ ಮೇಲೆ ಕಾಣುವ ನೇರಳೆ, ಹಸಿರು ಛಾಯೆ ಈ ಜಾತಿಯ ಪದರದ್ದು. ತಿಪಟೂರಿನ ಕನ್ನಡಕದಂಗಡಿಯಲ್ಲಿ ‘ಆ್ಯಂಟಿ-ಗ್ಲೇರ್ ಹಾಕ್ಲಾ?’ ಎಂದು ಕೇಳುವುದೂ ಇದನ್ನೇ, ಮಾನಿಟರ್‌ನ ತರಿ ಮೈಯನ್ನಲ್ಲ. ಮಾನಿಟರ್‌ಗಳಲ್ಲಿ ಇದು ದುಬಾರಿ ಮಾದರಿಗಳಿಗೆ ಮಾತ್ರ ಬರುತ್ತದೆ. ಮ್ಯಾಟ್‌ನಲ್ಲೂ ಹೊಸ ಯತ್ನಗಳಿವೆ: ಆ್ಯಪಲ್ ಕಂಪನಿ 2019ರ ತನ್ನ ಪ್ರೊ ಡಿಸ್‌ಪ್ಲೇಗೆ ಲೇಪದ ಬದಲು ಗಾಜಿನ ಮೈಯನ್ನೇ ಅತಿ ಸೂಕ್ಷ್ಮವಾಗಿ ಕೊರೆದ ಆಯ್ಕೆ ಕೊಟ್ಟಿತು. ಆಗ ಅದೊಂದಕ್ಕೇ ಹೆಚ್ಚುವರಿ ಬೆಲೆ 1,000 ಡಾಲರ್ ಇತ್ತು.

ಎಣ್ಣೆ ಬೆರಳು, ನಾರಿನ ಧೂಳು

ನಮ್ಮ ಸೀಮೆಗೆ ವಿಶೇಷವಾದ ಶತ್ರು ಕೊಬ್ಬರಿ ಎಣ್ಣೆ. ‘ಇದೇ ನೋಡು ನಮ್ಮ ಜಮೀನು’ ಎಂದು ಬೆರಳಿಟ್ಟ ಜಾಗದಲ್ಲಿ ಮ್ಯಾಟ್ ಪರದೆ ಮಿರಮಿರ ಮಿಂಚತೊಡಗುತ್ತದೆ. ಬೆಳಕನ್ನು ಬಗ್ಗಿಸುವ ಶಕ್ತಿಯಲ್ಲಿ ಕೊಬ್ಬರಿ ಎಣ್ಣೆಯ ಅಂಕಿ ಸುಮಾರು 1.45, ಲೇಪದ ರಾಳದ್ದು ಸುಮಾರು 1.5. ಎರಡೂ ಹತ್ತಿರವಿರುವುದರಿಂದ ಎಣ್ಣೆ ತಗ್ಗುಗಳನ್ನು ತುಂಬಿದೊಡನೆ ತರಿ ಇಲ್ಲದಂತಾಗಿ ಮೈ ಸಪಾಟಾಗುತ್ತದೆ. ಎಣ್ಣೆ ಹಚ್ಚಿದಾಗ ಉಳಿಪೆಟ್ಟಿನ ಕಲ್ಲೂ ಕಪ್ಪಾಗುವುದು ಇದೇ ಕಾರಣಕ್ಕೆ. ಗಾಜಿನಿಂದ ಎಣ್ಣೆ ಒರೆಸುವುದು ಸುಲಭ, ತಗ್ಗಿನಿಂದ ತೆಗೆಯುವುದು ಕಷ್ಟ.

ಹಾಗೆಂದು ಸ್ಪಿರಿಟ್ಟು, ಕಿಟಕಿ ಗಾಜು ಒರೆಸುವ ಅಮೋನಿಯಾ ದ್ರಾವಣ ಮುಟ್ಟಿಸಬೇಡಿ, ಲೇಪ ಕಲೆಗಟ್ಟಬಹುದು. ಮಾನಿಟರ್ ಆರಿಸಿ, ಮೊದಲು ಧೂಳನ್ನು ಊದಿ ತೆಗೆಯಿರಿ. ತೆಂಗಿನ ನಾರಿನ ಪುಡಿ ಕೂತಿರುವಾಗಲೇ ಉಜ್ಜಿದರೆ ಗೀರು ಬೀಳುತ್ತದೆ. ಆಮೇಲೆ ಮೈಕ್ರೊಫೈಬರ್ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ ಮೆಲ್ಲಗೆ ಒರೆಸಿ. ಲೇಪವನ್ನೇ ಸುಲಿದು ಗಾಜಿನ ಹೊಳಪು ತರಲು ಹೋಗುವವರಿದ್ದಾರೆ. ಕೈ ತಪ್ಪಿ ಪೋಲರೈಸರ್ ಹಾಳೆಯೇ ಎದ್ದುಬಂದರೆ ಚಿತ್ರ ಹೋಗಿ ಬರೀ ಬಿಳಿ ಬೆಳಕು ಉಳಿಯುತ್ತದೆ.

ಅಂಗಡಿಯಲ್ಲಿ ಹೀಗೆ ನೋಡಿ

ಮಾನಿಟರ್ ಕೊಳ್ಳುವಾಗ ಅದನ್ನು ಮೊದಲು ಆರಿಸಲು ಹೇಳಿ. ಮೊಬೈಲ್ ಟಾರ್ಚನ್ನು ಪರದೆಗೆ ಹಿಡಿಯಿರಿ. ಬೆಳಕು ಚುಕ್ಕೆಯಾಗಿ ಮೂಡಿದರೆ ಗ್ಲಾಸಿ. ಮಸುಕು ಉಂಡೆಯಾದರೆ ಮ್ಯಾಟ್. ಉಂಡೆ ದೊಡ್ಡದಾದಷ್ಟೂ ಲೇಪ ಒರಟು. ಚುಕ್ಕೆ ಮಂಕಾಗಿ ಹಸಿರೋ ನೇರಳೆಯೋ ಕಂಡರೆ ಪ್ರತಿಫಲನ ಅಳಿಸುವ ಪದರವಿದೆ. ವಿವರಪಟ್ಟಿಯಲ್ಲಿ ‘ಹೇಜ್ 25%, 3ಎಚ್’ ಎಂದಿದ್ದರೆ ಮೊದಲನೆಯದು ಬೆಳಕು ಚದುರುವ ಪ್ರಮಾಣ, ಎರಡನೆಯದು ಪೆನ್ಸಿಲ್ ಗೀರನ್ನು ತಡೆಯುವ ಲೇಪದ ಗಟ್ಟಿತನ. ಆಮೇಲೆ ಮಾನಿಟರ್ ಹಚ್ಚಿಸಿ, ಬಿಳಿ ಹಾಳೆಯ ಮೇಲೆ ಒತ್ತಕ್ಷರ ತುಂಬಿದ ಕನ್ನಡದ ನಾಲ್ಕು ಸಾಲು ತೆರೆಸಿ, ತಲೆಯನ್ನು ಅತ್ತಿತ್ತ ಆಡಿಸಿ. ಹಾಳೆ ಮಿಣುಕಿದರೆ ಮುಂದಿನ ಮಾದರಿ ನೋಡಿ.

ಆದರೆ ಪೇಟೆಗೆ ಹೋಗುವ ಮೊದಲು, ಮಾನಿಟರ್ ಇಡುವ ಜಾಗದಲ್ಲಿ ನೀವೇ ಪರದೆಯಂತೆ ಕೂತು ಅದು ನೋಡುವ ದಿಕ್ಕಿಗೆ ನೋಡಿ. ಕಣ್ಣಿಗೆ ಬಾಗಿಲೋ ಕಿಟಕಿಯೋ ಬಿದ್ದರೆ ಮೇಜು ತಿರುಗಿಸಲು ಆಗುತ್ತದೆಯೇ ಯೋಚಿಸಿ. ಆಗುವುದಾದರೆ ಯಾವ ಪರದೆ ತಂದರೂ ಅದು ತನ್ನ ಪೂರ್ತಿ ಗುಣ ತೋರಿಸುತ್ತದೆ. ನಮ್ಮ ಕೌಂಟರಿನ ಗಿರಾಕಿಯ ಪರದೆಯಂತೆ ಬಾಗಿಲಿಗೆ ಮುಖ ಮಾಡಲೇಬೇಕಾದ ಪರದೆಗೆ ಮ್ಯಾಟ್ ಬಿಟ್ಟರೆ ಗತಿಯಿಲ್ಲ. ಅಲ್ಲಿ ಕಪ್ಪು ಸ್ವಲ್ಪ ಬೂದಾದರೂ ಚಿಂತೆಯಿಲ್ಲ, ಸಿದ್ದಯ್ಯನವರಿಗೆ ತಮ್ಮ ಹೆಸರು ಓದಲು ಬಂದರೆ ಸಾಕು.