ಯೆನ್, ಪೌಂಡ್, ಸೆಂಟು: ಕಳೆದುಹೋದ ಕನ್ನಡ ಪುಟದ ಬೆನ್ನು ಹತ್ತಿ

ಪರದೆಯ ನೆತ್ತಿಯಲ್ಲಿ ಮೊದಲು ಇಂಗ್ಲಿಷಿನ ದೊಡ್ಡ ‘ಸಿ’. ಅದಕ್ಕೆ ಅಂಟಿಕೊಂಡು ಜಪಾನಿನ ಯೆನ್ ಚಿಹ್ನೆ. ಆಮೇಲೆ ತಲೆಯ ಮೇಲೆ ಗೀಟು ಹೊತ್ತ ಒಂದು ‘ಇ’, ಹಾಗೇ ಗೀಟು ಹೊತ್ತ ಸಣ್ಣ ‘ಎ’, ಫ್ರೆಂಚರು ಮಾತು ಉದ್ಧರಿಸುವಾಗ ಹಾಕುವ ಜೋಡಿ ಬಾಣ, ಎರಡು ಚುಕ್ಕೆಯ ‘ಎ’, ಕೊನೆಗೊಂದು ‘ಆರ್’. ಶಿರಸಿ ಸೀಮೆಯ ಒಂದು ಮನೆಯ ಜಗಲಿಯಲ್ಲಿ ನಾನೂ ಒಬ್ಬ ನಿವೃತ್ತ ಮಾಸ್ತರರೂ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಅದನ್ನೇ ನೋಡುತ್ತಿದ್ದೆವು. ಕೆಳಗೆ ಪುಟದ ತುಂಬ ಯೆನ್, ಪೌಂಡ್, ಸೆಂಟು: ವಿದೇಶಿ ಹಣ ಬದಲಾಯಿಸುವ ಅಂಗಡಿಯ ಬೋರ್ಡಿನ ಹಾಗೆ.

“ಇದೆಂತದೋ ತಮಾ?” ಎಂದರು ಮಾಸ್ತರರು.

ಅದು ಅವರೇ ಬರೆದ ಶೀರ್ಷಿಕೆ. ‘ಅಪ್ಪೆಮಿಡಿ’.

ನಾನು ಹೋದದ್ದು ಉಪ್ಪಿನಕಾಯಿಗೆ ಹಾಕುವ ಆ ಮಾವಿನಮಿಡಿಯ ಹಂಗಾಮಿನ ಬಗ್ಗೆ ಮಾತಾಡಿಸಲು. ಆದರೆ ಮಾತು ಬೇರೆಡೆಗೆ ತಿರುಗಿತು. 2003ರ ಸುಮಾರಿಗೆ ಅವರು ಹಳ್ಳಹೊಳೆಗಳ ದಂಡೆ ಅಲೆದು ಒಂದೊಂದೇ ಅಪ್ಪೆಮರದ ಲೆಕ್ಕ ಬರೆದಿದ್ದರಂತೆ. ಮರ ಯಾರ ಬೆಟ್ಟದಲ್ಲಿದೆ, ಸೊನೆಯ ಪರಿಮಳ ಜೀರಿಗೆಯದೋ ಕರ್ಪೂರದ್ದೋ, ಉಪ್ಪಿನಕಾಯಿ ಎಷ್ಟು ವರ್ಷ ಗಟ್ಟಿಯಾಗಿ ನಿಲ್ಲುತ್ತದೆ, ಎಲ್ಲವೂ ಅದರಲ್ಲಿತ್ತು. ಕಂಪ್ಯೂಟರ್ ಕಲಿತಿದ್ದ ಅಣ್ಣನ ಮಗ ಅದನ್ನು ಟೈಪ್ ಮಾಡಿ ಒಂದು ವೆಬ್‌ಸೈಟ್ ಕಟ್ಟಿಕೊಟ್ಟ. ಹುಡುಗ ಮುಂದೆ ಕೆಲಸಕ್ಕೆಂದು ದೂರದೂರಿಗೆ ಹೋದ. ಡೊಮೈನ್ ಹೆಸರಿನ ಬಾಡಿಗೆ ಕಟ್ಟುವವರಿಲ್ಲದೆ ಸೈಟು ಮಾಯವಾಯಿತು. ನೋಟ್‌ಬುಕ್ಕುಗಳನ್ನು ಒರಲೆ ತಿಂದಿತು. “ಅದರಲ್ಲಿದ್ದ ಎಷ್ಟೋ ಮರ ಈಗ ಇಲ್ಲ. ಪಟ್ಟಿಯೂ ಇಲ್ಲ” ಎಂದರು, ಅದೂ ದೂರಿನ ದನಿಯಲ್ಲಲ್ಲ, ಹಾಜರಿ ಕರೆಯುವ ದನಿಯಲ್ಲಿ.

ಬ್ಲಾಗು, ಸೈಟು ನಡೆಸುವವರಿಗೆ ಉಪಯುಕ್ತ ಆನ್‌ಲೈನ್ ಸಾಧನಗಳು ಎಂದರೆ ಈಗ ಎಲ್ಲರಿಗೂ ಒಂದೇ ಪಟ್ಟಿ ಬಾಯಿಪಾಠ: ಎಷ್ಟು ಜನ ಬಂದರು, ಎಲ್ಲಿಂದ ಬಂದರು, ಗೂಗಲ್‌ನಲ್ಲಿ ಎಷ್ಟನೆಯವರು, ಪುಟ ತೆರೆಯಲು ಎಷ್ಟು ಸೆಕೆಂಡು. ಅವೆಲ್ಲ ಇರಲಿ, ಬೇಡ ಎನ್ನುವುದಿಲ್ಲ. ಆದರೆ ಆ ಮಧ್ಯಾಹ್ನ ಜಗಲಿಯಲ್ಲಿ ಕೆಲಸಕ್ಕೆ ಬಂದ ಎರಡು ಸಾಧನಗಳು ಆ ಪಟ್ಟಿಯಲ್ಲಿ ಮೇಲೆಲ್ಲೂ ಕಾಣುವುದಿಲ್ಲ. ನನಗಂತೂ ಅವುಗಳ ಮುಂದೆ ಉಳಿದವು ಸಪ್ಪೆ.

ಮೊದಲನೆಯದು ವೇಬ್ಯಾಕ್ ಮಷೀನ್. ಹೆಸರು ಕೇಳದವರು ಕಡಿಮೆ. ಮುಟ್ಟಿ ನೋಡಿದವರೂ ಕಡಿಮೆ. ಅಮೆರಿಕದ ಬ್ರೂಸ್ಟರ್ ಕಾಲ್ 1996ರಲ್ಲಿ ಆರಂಭಿಸಿದ ಇಂಟರ್ನೆಟ್ ಆರ್ಕೈವ್ ಎಂಬ ಲಾಭರಹಿತ ಸಂಸ್ಥೆ ಜಾಲದ ಪುಟಗಳನ್ನು ನಕಲು ಮಾಡಿ ಇಡುತ್ತ ಬಂತು. 2001ರ ಅಕ್ಟೋಬರಿನಲ್ಲಿ ಆ ಉಗ್ರಾಣದ ಬಾಗಿಲನ್ನು ಎಲ್ಲರಿಗೂ ತೆರೆಯಿತು. ಹಳೆಯ ಅಮೆರಿಕನ್ ಕಾರ್ಟೂನ್ ಒಂದರಲ್ಲಿ ನಾಯಿಯೊಂದು ಹುಡುಗನನ್ನು ಗತಕಾಲಕ್ಕೆ ಕರೆದೊಯ್ಯುವ ಯಂತ್ರವಿದೆ, ಹೆಸರು ಅಲ್ಲಿಂದ ಬಂತು. ಕಚೇರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಹಿಂದೊಮ್ಮೆ ಚರ್ಚ್ ಆಗಿದ್ದ ಕಂಬಗಳ ಕಟ್ಟಡದಲ್ಲಿ. 2025ರಲ್ಲಿ ಕೂಡಿಟ್ಟ ಪುಟಗಳ ಲೆಕ್ಕ ಒಂದು ಲಕ್ಷ ಕೋಟಿ ಮುಟ್ಟಿತು.

ಇಷ್ಟು ದೊಡ್ಡ ಉಗ್ರಾಣಕ್ಕೆ ಗೂಗಲ್‌ನಂಥ ಹುಡುಕು ಪೆಟ್ಟಿಗೆ ಇಲ್ಲ. ಪುಟದೊಳಗಿನ ಪದ ಕೊಟ್ಟರೆ ಸಿಕ್ಕುವುದಿಲ್ಲ, ಹೆಚ್ಚಾಗಿ ವಿಳಾಸವೇ ಬೇಕು. ಮಾಸ್ತರರಿಗೆ ವಿಳಾಸ ನೆನಪಿರಲಿಲ್ಲ. ಅವರ ಮನೆಯವರು ಒಳಗಿನಿಂದಲೇ “ಆ ಸ್ಮರಣ ಸಂಚಿಕೆಯಲ್ಲಿ ಹಾಕಿದ್ರಲ್ಲ” ಎಂದರು. ಅಟ್ಟದಿಂದ ಸಹಕಾರ ಸಂಘದ ಸಂಚಿಕೆಯೊಂದು ಇಳಿದು ಬಂತು; ಮಾಸ್ತರರ ಲೇಖನದ ಅಡಿಯಲ್ಲಿ ಸಣ್ಣಕ್ಷರದಲ್ಲಿ ವಿಳಾಸ. ಸೈಟು ಇರುವವರು ಇದನ್ನೊಂದು ಪಾಠವಾಗಿ ಇಟ್ಟುಕೊಳ್ಳಬೇಕು: ನಿಮ್ಮ ಜಾಲವಿಳಾಸ ಎಲ್ಲಾದರೂ ಒಂದು ಕಡೆ ಕಾಗದದ ಮೇಲೆ ಅಚ್ಚಾಗಿರಲಿ.

ವಿಳಾಸ ಕೊಟ್ಟೊಡನೆ ಕ್ಯಾಲೆಂಡರ್ ಬಿಚ್ಚಿಕೊಂಡಿತು. ಕೆಲವು ತಾರೀಕುಗಳ ಮೇಲೆ ನೀಲಿ ಚುಕ್ಕೆ. ಒಂದನ್ನು ಒತ್ತಿದಾಗ ಬಂದದ್ದೇ ಆ ಯೆನ್ನು ಪೌಂಡುಗಳ ಸಂತೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ನನಗೆ ಈ ಜಾಗ ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. ಕನ್ನಡಕ್ಕೆ, ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಆದರೆ ಮನೆಯ ಕಂಪ್ಯೂಟರಿಗೆ ಅದು ಇಳಿದದ್ದು 2001ರಲ್ಲಿ, ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನ ಜೊತೆ ಬಂದಾಗ. ಅದಕ್ಕೂ ಮುಂಚೆಯೇ ಜನ ಬರೆಯತೊಡಗಿದ್ದರು. ಯು.ಬಿ. ಪವನಜರ ‘ವಿಶ್ವಕನ್ನಡ’ ಜಾಲಕ್ಕೆ ಬಂದದ್ದು 1996ರಲ್ಲಿ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು, ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಆ ಕಾಲದ ಉಪಾಯ ಸರಳ: ಕಂಪ್ಯೂಟರಿಗೆ ಗೊತ್ತಿರುವುದು ರೋಮನ್ ಅಕ್ಷರ ಮತ್ತು ಯುರೋಪಿನ ಚಿಹ್ನೆಗಳು ಮಾತ್ರ, ಹಾಗಿದ್ದರೆ ಫಾಂಟಿನಲ್ಲಿ ಅವುಗಳ ಚಿತ್ರವನ್ನೇ ಬದಲಿಸಿಬಿಡೋಣ. ಪೌಂಡ್ ಚಿಹ್ನೆಯ ಮನೆಯಲ್ಲಿ ‘ನ’ದ ಮೈ, ಯೆನ್ ಮನೆಯಲ್ಲಿ ‘ಪ’ದ ಮೈ, ಸೆಂಟಿನ ಮನೆಯಲ್ಲಿ ‘ದಿ’. ‘ದಿನ’ ಎಂದು ಬರೆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಸೆಂಟು, ಪೌಂಡು, ತಲೆಕಟ್ಟಿಗಾಗಿ ಗೀಟಿನ ‘ಎ’. ಫಾಂಟು ಇದ್ದರೆ ಕನ್ನಡ. ಇಲ್ಲದಿದ್ದರೆ ಜಗಲಿಯಲ್ಲಿ ನಾವು ಕಂಡದ್ದು.

‘ಮ’ ಅಕ್ಷರಕ್ಕೆ ಸ್ವಂತ ಮನೆಯೇ ಇಲ್ಲ. ‘ವ’ದ ಮೈಗೆ ತಲೆಕಟ್ಟು, ಪಕ್ಕದಲ್ಲಿ ಉಕಾರದ ಕೊಂಬು; ಮೂರು ತುಂಡು ಸೇರಿ ಕಣ್ಣಿಗೆ ‘ಮ’. ‘ಯ’ ಬರೆಯಲು ನಾಲ್ಕು ತುಂಡು, ಅದರಲ್ಲಿ ಮೊದಲನೆಯದು ಅನುಸ್ವಾರದ ಸೊನ್ನೆ! ಮೊಳೆ ಜೋಡಿಸುವವನ ಜಾಣತನ ಇದು. ಅಕ್ಷರದ ಅರ್ಥ ಬೇಡ, ಆಕಾರ ಕೂಡಿ ಬಂದರೆ ಸಾಕು.

ಎಲ್ಲಕ್ಕಿಂತ ನನ್ನ ಪ್ರೀತಿಯದ್ದು ಅರ್ಕಾವತ್ತು. ‘ಕರ್ನಾಟಕ’ ಎನ್ನುವಾಗ ನಾಲಿಗೆಗೆ ಮೊದಲು ಸಿಗುವುದು ‘ರ್’, ಆಮೇಲೆ ‘ನಾ’. ಕೈಬರಹದಲ್ಲಿ ಉಲ್ಟಾ: ‘ನಾ’ ಬರೆದು ಅದರ ಬಲಕ್ಕೆ ಅರ್ಕಾವತ್ತು ಎಳೆಯುತ್ತೇವೆ. ಹಳೆಯ ಫಾಂಟುಗಳು ಕೈಯ ಕ್ರಮ ಹಿಡಿದವು, ಯುನಿಕೋಡ್ ನಾಲಿಗೆಯ ಕ್ರಮ ಹಿಡಿಯಿತು. ಹಳೆಯದರಲ್ಲಿ ‘ಕರ್ನಾಟಕ’ ಎಂಟು ಚಿಹ್ನೆ, ಯುನಿಕೋಡ್‌ನಲ್ಲಿ ಏಳು. ಒತ್ತಕ್ಷರದ್ದೂ ಇದೇ ಕಥೆ. ‘ಮತ್ತು’ ಎಂಬುದರಲ್ಲಿ ಹಳೆಯ ಫಾಂಟು ಮೊದಲು ‘ತು’ ಬರೆದು ಕೆಳಗಿನ ‘ತ’ವನ್ನು ಕೊನೆಗೆ ಸೇರಿಸುತ್ತದೆ. ಹೀಗಾಗಿ ಹಳೆಯದನ್ನು ಹೊಸದಕ್ಕೆ ತರುವುದು ಅಕ್ಷರಕ್ಕೆ ಅಕ್ಷರ ಬದಲಿಸುವ ಕೆಲಸವಲ್ಲ. ಅರ್ಕಾವತ್ತು ಕಂಡೊಡನೆ ಹಿಂದಕ್ಕೆ ನಡೆದು, ಇಡೀ ಅಕ್ಷರ ದಾಟಿ, ಅದರ ಮುಂದೆ ‘ರ್’ ಇಡಬೇಕು.

ಆ ನಡಿಗೆಯನ್ನು ಮಾಡುವುದೇ ಎರಡನೆಯ ಸಾಧನ, ಪರಿವರ್ತಕ. ‘ಬರಹ’, ‘ನುಡಿ’ ತಂತ್ರಾಂಶಗಳೊಳಗೇ ಒಂದೊಂದಿದೆ. ಅರವಿಂದ ವಿ.ಕೆ. ಬರೆದ ಆಸ್ಕಿ-ಯುನಿಕೋಡ್ ಪರಿವರ್ತಕದ (ಹಳೆಯ ಫಾಂಟಿನ ಬರಹಕ್ಕೆ ‘ಆಸ್ಕಿ’ ಎಂದೇ ಹೆಸರು) ಮೂಲ ಕೋಡ್ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿದೆ. ಬಿಡುವಿದ್ದಾಗ ತೆರೆದು ಓದಿ, ಕನ್ನಡ ಲಿಪಿಯ ಪಾಠದ ಹಾಗಿದೆ.

ಪುಟವನ್ನು ಪರಿವರ್ತಕಕ್ಕೆ ಹಾಕುವ ಮುಂಚೆ ಒಂದು ಕೈಚಳಕ ಬೇಕು. ವೇಬ್ಯಾಕ್ ವಿಳಾಸದ ನಡುವೆ 14 ಅಂಕಿಗಳ ಒಂದು ಸಾಲಿರುತ್ತದೆ: ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ಆ ಅಂಕಿಗಳ ಬೆನ್ನಿಗೆ ರೋಮನ್ ಲಿಪಿಯಲ್ಲಿ ‘ಐ’, ‘ಡಿ’ ಮತ್ತು ಒಂದು ಅಡಿಗೆರೆ ಸೇರಿಸಿದರೆ ಆರ್ಕೈವ್ ತನ್ನ ಪಟ್ಟಿ, ಅಲಂಕಾರ ಯಾವುದನ್ನೂ ಸೇರಿಸದೆ ಮೂಲ ಪುಟವನ್ನು ಇದ್ದಂತೆ ಕೊಡುತ್ತದೆ. ಹಳೆಯ ಕನ್ನಡ ಪುಟಗಳಿಗೆ ಇದು ಮುಖ್ಯ. ಬ್ರೌಸರು ಪುಟವನ್ನು ಯುನಿಕೋಡ್ ಎಂದು ತಪ್ಪಾಗಿ ತಿಳಿದರೆ ಪೌಂಡು, ಯೆನ್ ಎಲ್ಲ ಹೋಗಿ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ಹರಳುಗಳು ಬಂದು ಕೂರುತ್ತವೆ. ಅದನ್ನು ನಕಲು ಮಾಡಿಕೊಂಡರೆ ಯಾವ ಪರಿವರ್ತಕಕ್ಕೂ ಬಿಡಿಸಲಾಗದು.

ನಾವು ಮೂಲ ಪುಟ ಇಳಿಸಿಕೊಂಡು, ಪಠ್ಯವನ್ನು ಪರಿವರ್ತಕಕ್ಕೆ ಹಾಕಿ ಗುಂಡಿ ಒತ್ತಿದೆವು. ಯೆನ್ ಇದ್ದಲ್ಲಿ ‘ಪ’ ಬಂತು. ಅನಂತಭಟ್ಟನ ಅಪ್ಪೆ ಬಂತು, ಮಾಳಂಜಿ ಬಂತು, ಜೀರಿಗೆ ಮಿಡಿಯ ಕೆಳಗೆ ಹೊಳೆಯ ಹೆಸರು, ಮರದ ಯಜಮಾನನ ಹೆಸರು, ಕಾಯಿ ಕೀಳುವ ವಾರ, ಎಲ್ಲ ಸಾಲಾಗಿ ಬಂದವು. ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಓದುತ್ತ ಹೋದರು. ಮೂರನೆಯ ಸಾಲಿಗೇ ನಿಂತು, “ಇಲ್ಲಿ ದೀರ್ಘ ತಪ್ಪಿದೆ” ಎಂದರು. ಅವರ ಹಳೆಯ ತಪ್ಪೋ ಯಂತ್ರದ್ದೋ ತೀರ್ಮಾನವಾಗಲಿಲ್ಲ.

ಎಲ್ಲವೂ ಸಿಕ್ಕಿತೆಂದಲ್ಲ. ಮರಗಳ ಫೋಟೋಗಳಲ್ಲಿ ಬಂದದ್ದು ಕೆಲವೇ ಚಿಕ್ಕ ಚಿತ್ರ. ಪಟ್ಟಿಯ ಎರಡನೆಯ ಪುಟವನ್ನು ಆರ್ಕೈವ್ ನಕಲಿಸಿಯೇ ಇಲ್ಲ. ಜಾಲ ಸುತ್ತಿ ಪುಟ ನಕಲಿಸುವ ಅದರ ತಂತ್ರಾಂಶ, ಅಂದರೆ ರೋಬೋಟು, ಎಲ್ಲ ಕೊಂಡಿಗಳನ್ನೂ ಹಿಡಿದು ಹೋಗುವುದಿಲ್ಲ, ಹೋದಲ್ಲೆಲ್ಲ ಎಲ್ಲವನ್ನೂ ಹೊತ್ತು ತರುವುದೂ ಇಲ್ಲ. ಉಳಿದ ಮರಗಳನ್ನು ಮಾಸ್ತರರು ನೆನಪಿನಿಂದ ಹೇಳಿದರು, ನಾನು ಬರೆದುಕೊಂಡೆ.

ಪುಟಗಳು ಹೀಗೆ ಸಾಯುವುದು ಹಳ್ಳಿಯ ಕಥೆ ಮಾತ್ರವಲ್ಲ. ಒಂದು ಕಾಲಕ್ಕೆ ಲಕ್ಷಗಟ್ಟಲೆ ಜನರ ಮೊದಲ ಮನೆಪುಟಕ್ಕೆ ಜಾಗ ಕೊಟ್ಟಿದ್ದ ಜಿಯೋಸಿಟೀಸನ್ನು ಯಾಹೂ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಬ್ಲಾಗ್ ಓದುಗರ ಅಡ್ಡೆಯಾಗಿದ್ದ ಗೂಗಲ್ ರೀಡರ್ 2013ರಲ್ಲಿ ಹೋಯಿತು, ಸಾಮಾಜಿಕ ಜಾಲತಾಣ ಆರ್ಕುಟ್ 2014ರಲ್ಲಿ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಹೇಳಿದ ಲೆಕ್ಕದಂತೆ 2013ರಲ್ಲಿದ್ದ ಜಾಲಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷಗಳ ಬಳಿಕ ಸಿಗುವುದಿಲ್ಲ. ಕನ್ನಡಕ್ಕೆ ಇದರ ಮೇಲೆ ಇನ್ನೊಂದು ಪೆಟ್ಟು: ಹಳೆಯ ಫಾಂಟಿನ ಪುಟ ಸತ್ತಿರದಿದ್ದರೂ ಹುಡುಕುಯಂತ್ರದ ಪಾಲಿಗೆ ಅದು ಯೆನ್ನು ಪೌಂಡು ಅಷ್ಟೇ. ಯಾರಾದರೂ ‘ಅಪ್ಪೆಮಿಡಿ’ ಎಂದು ಹುಡುಕಿದರೆ ಬದುಕಿರುವ ಪುಟವೂ ಸಿಗದು.

ಯುನಿಕೋಡ್ ಬಂದ ಮೇಲೆ ಎಲ್ಲ ಸಲೀಸು ಎನ್ನುವವರಿಗೆ ನಾನು ಒಂದು ಕಾಣದ ಅಕ್ಷರ ತೋರಿಸುತ್ತೇನೆ. ‘ವೆಬ್‌ಸೈಟ್’ ಎಂದು ಬರೆದಾಗ ‘ಬ್’ ಮತ್ತು ‘ಸೈ’ ಅಂಟಿ ಒತ್ತಾಗದಂತೆ ನಡುವೆ ಶೂನ್ಯ ಅಗಲದ ಒಂದು ಚಿಹ್ನೆ ಕೂತಿರುತ್ತದೆ. ಕಣ್ಣಿಗೆ ಕಾಣದು, ಕಂಪ್ಯೂಟರಿನ ಎಣಿಕೆಗೆ ತಪ್ಪದು. ‘ರ‍್ಯಾಂಕ್’ ಎಂದು ಬರೆಯುವಾಗ ಅರ್ಕಾವತ್ತು ಆಗದಂತೆ ತಡೆಯುವುದು ಅದರ ಸಹೋದರ. ಒಬ್ಬರು ಇವನ್ನು ಹಾಕಿ, ಇನ್ನೊಬ್ಬರು ಬಿಟ್ಟು ಬರೆದರೆ ಯಂತ್ರಕ್ಕೆ ಅವೆರಡು ಬೇರೆ ಪದಗಳು. ಪುಟದ ವಿಳಾಸದಲ್ಲಿ ಕನ್ನಡ ಬಳಸುವವರಂತೂ ಇದನ್ನು ನೋಡಲೇಬೇಕು. ವಿಳಾಸದಲ್ಲಿ ಕನ್ನಡದ ಒಂದೊಂದು ಚಿಹ್ನೆಯೂ ಶೇಕಡಾ ಗುರುತುಗಳ ಒಂಬತ್ತಕ್ಷರವಾಗಿ ಬಿಚ್ಚಿಕೊಳ್ಳುತ್ತದೆ. ‘ಕರ್ನಾಟಕ’ ಎಂಬ ಒಂದೇ ಪದ 63 ಅಕ್ಷರ. ವಾಟ್ಸ್ಆ್ಯಪ್‌ನಲ್ಲಿ ಬಂದ ಕೊಂಡಿ ಮಾರುದ್ದ ಯಾಕಿದೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ಆರ್ಕೈವ್ ಮೇಲೆ ನನಗೆ ಪ್ರೀತಿ ಇದೆ, ಕುರುಡು ನಂಬಿಕೆ ಇಲ್ಲ. 2017ರ ಆಗಸ್ಟಿನಲ್ಲಿ ಸಿನಿಮಾ ಕಳ್ಳನಕಲು ತಡೆಯುವ ಮದ್ರಾಸ್ ಹೈಕೋರ್ಟಿನ ಆದೇಶದ ಬಲೆಗೆ ಸಿಕ್ಕಿ ಇಡೀ ಆರ್ಕೈವ್ ಭಾರತದಲ್ಲಿ ತೆರೆಯದಾಗಿತ್ತು. 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಗೆ ಒಳಗಾಗಿ ದಿನಗಟ್ಟಲೆ ಬಾಗಿಲು ಹಾಕಿತು, ಸುಮಾರು 3.1 ಕೋಟಿ ಖಾತೆಗಳ ವಿವರ ಸೋರಿತು. ಇನ್ನೊಂದು ವಿಚಿತ್ರವೂ ಇತ್ತು. ನಿಮ್ಮ ಡೊಮೈನ್ ಕೈಬಿಟ್ಟು ಹೋಗಿ ಬೇರೆಯವರು ಕೊಂಡು, ರೋಬೋಟುಗಳಿಗೆ ಪ್ರವೇಶವಿಲ್ಲ ಎಂಬ ಕಡತ ಹಾಕಿದರೆ, ನೀವು ಬರೆದ ಹಳೆಯ ಪುಟಗಳೂ ಆರ್ಕೈವ್‌ನಲ್ಲಿ ಮರೆಯಾಗುತ್ತಿದ್ದವು. ಆ ಕಡತದ ಮಾತಿಗೆ ಇನ್ನು ಅಷ್ಟು ಬೆಲೆ ಕೊಡುವುದಿಲ್ಲ ಎಂದು ಸಂಸ್ಥೆ 2017ರಲ್ಲಿ ಹೇಳಿತು.

ಆದ್ದರಿಂದ ಸೈಟು, ಬ್ಲಾಗು ಇರುವವರಿಗೆ ನನ್ನ ಪಟ್ಟಿ ಚಿಕ್ಕದು. ಹಳೆಯ ಫಾಂಟಿನಲ್ಲಿ ಉಳಿದಿರುವ ಬರಹ ಎಷ್ಟೇ ಇದ್ದರೂ ಈಗಲೇ ಯುನಿಕೋಡ್‌ಗೆ ತನ್ನಿ, ಒಮ್ಮೆ ಕಣ್ಣಿಟ್ಟು ತಿದ್ದಿ. ಬ್ಲಾಗರ್, ವರ್ಡ್‌ಪ್ರೆಸ್ ಎರಡರಲ್ಲೂ ಬ್ಲಾಗಿನ ಬರಹಗಳನ್ನೆಲ್ಲ ಒಂದು ಕಡತವಾಗಿ ಇಳಿಸಿಕೊಳ್ಳುವ ಸೌಲಭ್ಯವಿದೆ; ಇಳಿಸಿ ಮನೆಯಲ್ಲಿ ಒಂದು ಪ್ರತಿ, ಬೇರೆ ಊರಿನವರ ಬಳಿ ಒಂದು ಪ್ರತಿ ಇಡಿ. ಹೊಸದಾಗಿ ಬರೆದದ್ದನ್ನು ಆರ್ಕೈವ್‌ನ ‘ಸೇವ್ ಪೇಜ್ ನೌ’ ಪೆಟ್ಟಿಗೆಗೆ ಹಾಕಿ. 2013ರಿಂದ ಅದು ಇದೆ, ಕಾಸು ಕೇಳುವುದಿಲ್ಲ, ರೋಬೋಟು ತಾನಾಗಿ ಬಂದೀತೆಂದು ಕಾಯಬೇಕಾಗಿಯೂ ಇಲ್ಲ.

ಸಂದರ್ಶಕರ ಸಂಖ್ಯೆ ತೋರಿಸುವ ಸಾಧನ ಇಂದು ಬಂದವರನ್ನು ಎಣಿಸುತ್ತದೆ. ಮಾಸ್ತರರ ಪುಟಕ್ಕೆ ಅಂಥದ್ದೊಂದಿದ್ದರೆ ಸೊನ್ನೆಯ ಹತ್ತಿರವೇ ನಿಂತಿರುತ್ತಿತ್ತು, ಸೈಟನ್ನು ಉಳಿಸಿಕೊಳ್ಳಲು ಅದು ಯಾರಿಗೂ ಕಾರಣ ಕೊಡುತ್ತಿರಲಿಲ್ಲ. ಕಸಿ ಮಾಡುವವರು ಈಗ ಅದೇ ಪಟ್ಟಿ ಕೇಳಿಕೊಂಡು ಅವರಿಗೆ ಫೋನು ಮಾಡುತ್ತಿದ್ದಾರೆ: ಯಾವ ಹೊಳೆಯ ದಂಡೆ, ಯಾರ ಬೆಟ್ಟ, ಮರ ಇದೆಯೋ ಕಡಿದರೋ. ಎಣಿಕೆಯ ಸಾಧನಕ್ಕೆ ಕೊಡುವ ಸಮಯದಲ್ಲಿ ಕಾಲುಭಾಗವನ್ನು ಉಳಿಸುವ ಸಾಧನಕ್ಕೆ ಕೊಟ್ಟರೆ ಸಾಕು. ವೇಬ್ಯಾಕ್‌ಗೆ ಹೋಗಿ ನಿಮ್ಮದೇ ವಿಳಾಸ ಹಾಕಿ ನೋಡಿ; ಕ್ಯಾಲೆಂಡರಿನಲ್ಲಿ ನೀಲಿ ಚುಕ್ಕೆ ಒಂದೂ ಇಲ್ಲದಿದ್ದರೆ, ಮೊದಲ ಚುಕ್ಕೆಯನ್ನು ನೀವೇ ಇಡಬೇಕು.